ಟಿಕೆಟ್ ಹಿಂದಿರುಗಿಸುವ ದಾರಿಯಿಲ್ಲದೆ ಕಾಳಸಂತೆ ನಿಲ್ಲದು

ಮಾನ್ಯ ಸಂಪಾದಕರೇ,

ಮುಂಬಯಿ, ನವಿಮುಂಬಯಿಗಳಲ್ಲಿ ದೊಡ್ಡದೊಂದು ಸಂಗೀತ ಕಾರ್ಯಕ್ರಮವೋ ಕ್ರಿಕೆಟ್ ಪಂದ್ಯವೋ ಘೋಷಣೆಯಾದಾಗಲೆಲ್ಲ ಟಿಕೆಟ್‌ಗಳ ಕಾಳಸಂತೆಯ ಸುದ್ದಿಯೂ ಅದರ ಬೆನ್ನಿಗೇ ಬರುತ್ತದೆ. ಯಾರನ್ನೋ ಬಂಧಿಸಿದ್ದು, ಯಾರಿಗೋ ನೋಟಿಸು ಕಳುಹಿಸಿದ್ದು ಪತ್ರಿಕೆಗಳಲ್ಲಿ ನಾಲ್ಕು ದಿನ ಕಾಣಿಸಿಕೊಂಡು ಮರೆಯಾಗುತ್ತದೆ. ಈ ಚರ್ಚೆಯೆಲ್ಲ ಬ್ಲ್ಯಾಕ್‌ನಲ್ಲಿ ಮಾರುವವನ ಸುತ್ತಲೇ ನಡೆಯುತ್ತಿದೆ, ಮೊದಲ ಮಾರಾಟ ಹೇಗೆ ನಡೆಯಿತು ಎಂಬ ಕಡೆಗೆ ಯಾರ ಗಮನವೂ ಹರಿಯುತ್ತಿಲ್ಲ ಎಂಬುದು ನನ್ನ ಆಕ್ಷೇಪ. ಕೊಂಡ ಟಿಕೆಟನ್ನು ಮುಖಬೆಲೆಗೆ ಹಿಂದಿರುಗಿಸುವ ಅಥವಾ ಇನ್ನೊಬ್ಬರಿಗೆ ವರ್ಗಾಯಿಸುವ ಹಕ್ಕನ್ನು ಗ್ರಾಹಕನಿಗೆ ಕಾನೂನು ಕೊಡದಿರುವಷ್ಟು ಕಾಲ, ಪೊಲೀಸರು ಎಷ್ಟು ಜನರನ್ನು ಹಿಡಿದರೂ ಈ ವ್ಯವಹಾರ ನಿಲ್ಲುವುದಿಲ್ಲ.

ಕೋಲ್ಡ್‌ಪ್ಲೇ ಎಂಬ ಬ್ರಿಟಿಷ್ ಸಂಗೀತ ತಂಡದ ಕಾರ್ಯಕ್ರಮದ ಪ್ರಕರಣ ಓದುಗರಿಗೆ ನೆನಪಿರಬಹುದು. 2025ರ ಜನವರಿ 18, 19 ಮತ್ತು 21ರಂದು ನೆರೂಳಿನ ಡಿ.ವೈ. ಪಾಟೀಲ ಕ್ರೀಡಾಂಗಣದಲ್ಲಿ ನಡೆದ ಆ ಕಾರ್ಯಕ್ರಮಕ್ಕೆ 2024ರ ಸೆಪ್ಟೆಂಬರ್ 22ರ ಭಾನುವಾರ ಮಧ್ಯಾಹ್ನ ಟಿಕೆಟ್ ಮಾರಾಟ ಶುರುವಾಯಿತು. ಜಾಲತಾಣ ಕುಸಿದುಬಿತ್ತು, ಲಕ್ಷಾಂತರ ಜನ ಆನ್‌ಲೈನ್ ಸರದಿಯಲ್ಲೇ ಉಳಿದರು, 2,500 ರೂಪಾಯಿಯಿಂದ 35,000 ರೂಪಾಯಿವರೆಗಿನ ಟಿಕೆಟ್‌ಗಳು ನೋಡುನೋಡುತ್ತಲೇ ಮುಗಿದುಹೋದವು. ಅದೇ ಟಿಕೆಟ್‌ಗಳಿಗೆ ವಿದೇಶಿ ಮರುಮಾರಾಟ ತಾಣಗಳಲ್ಲಿ ಲಕ್ಷಗಳ ಬೆಲೆ ಕಾಣಿಸಿಕೊಂಡಿತು. ಅಧಿಕೃತ ಮಾರಾಟಗಾರ ಸಂಸ್ಥೆಯಾದ ಬುಕ್‌ಮೈಶೋ, ಆ ತಾಣಗಳಿಗೂ ತನಗೂ ಸಂಬಂಧವಿಲ್ಲವೆಂದು ತಿಳಿಸಿ ಪೊಲೀಸರಿಗೆ ದೂರು ಕೊಟ್ಟಿತು. ಇತ್ತ ಮುಂಬಯಿ ಪೊಲೀಸರ ಆರ್ಥಿಕ ಅಪರಾಧಗಳ ವಿಭಾಗ ಆ ಸಂಸ್ಥೆಯ ಮುಖ್ಯಸ್ಥರಿಗೇ ಸಮನ್ಸ್ ನೀಡಿತು. ಅಕ್ಟೋಬರ್‌ನಲ್ಲಿ ಜಾರಿ ನಿರ್ದೇಶನಾಲಯವು ಮುಂಬಯಿ, ದೆಹಲಿ, ಬೆಂಗಳೂರು ಮೊದಲಾದ ಕಡೆ ಶೋಧ ನಡೆಸಿತು. ಇನ್‌ಸ್ಟಾಗ್ರಾಂ, ವಾಟ್ಸ್‌ಆ್ಯಪ್, ಟೆಲಿಗ್ರಾಂಗಳ ಮೂಲಕ ನಕಲಿ ಟಿಕೆಟ್‌ಗಳನ್ನೂ ಮಾರಲಾಗಿತ್ತೆಂದು ಅದು ಹೇಳಿತು. ಇಷ್ಟೆಲ್ಲ ನಡೆದರೂ ಟಿಕೆಟ್ ಕೊಳ್ಳುವ ಸಾಮಾನ್ಯನ ಹಕ್ಕುಗಳ ಪಟ್ಟಿಗೆ ಒಂದು ಸಾಲೂ ಹೊಸದಾಗಿ ಸೇರಲಿಲ್ಲ.

ಇದೇ ವಿಷಯವಾಗಿ ಸಲ್ಲಿಸಲಾಗಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ಬಾಂಬೆ ಹೈಕೋರ್ಟ್ 2025ರ ಜನವರಿ 10ರಂದು ವಜಾಗೊಳಿಸಿತು. ನಿಯಮ ರೂಪಿಸುವುದು ಶಾಸಕಾಂಗ ಮತ್ತು ಕಾರ್ಯಾಂಗಗಳ ಕೆಲಸ, ನ್ಯಾಯಾಲಯ ಅದನ್ನು ಮಾಡಿಕೊಡಲಾಗದು ಎಂಬುದು ತೀರ್ಪಿನ ತಿರುಳು. ತೀರ್ಪಿನಲ್ಲಿ ತಪ್ಪೇನೂ ನನಗೆ ಕಾಣುವುದಿಲ್ಲ. ಆದರೆ ಅದರ ಹಿಂದಿನ ದಿನ, ಜನವರಿ 9ರಂದು, ಸುಪ್ರೀಂ ಕೋರ್ಟ್ ಕೊಟ್ಟ ಇನ್ನೊಂದು ತೀರ್ಪನ್ನು ಇದರ ಪಕ್ಕದಲ್ಲಿಟ್ಟು ಓದಬೇಕು. ಅಧಿಕಾರವಿಲ್ಲದೆ ರೈಲ್ವೆ ಟಿಕೆಟ್ ಪಡೆದು ಮಾರುವ ದಂಧೆಗೆ ಮೂರು ವರ್ಷದವರೆಗೆ ಸೆರೆ ಅಥವಾ ಹತ್ತು ಸಾವಿರ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸುವ 1989ರ ರೈಲ್ವೆ ಕಾಯ್ದೆಯ 143ನೇ ಕಲಮು, ಇಂಟರ್ನೆಟ್ ಬುಕಿಂಗ್ ಇಲ್ಲದ ಕಾಲದ್ದಾದರೂ, ಇ-ಟಿಕೆಟ್‌ಗಳಿಗೂ ಅನ್ವಯಿಸುತ್ತದೆ ಎಂದು ಆ ತೀರ್ಪು ಹೇಳಿತು. ರೈಲ್ವೆ ಟಿಕೆಟಿಗೆ ಕಾನೂನಿತ್ತು, ಆದ್ದರಿಂದ ನ್ಯಾಯಾಲಯ ಅದನ್ನು ಇಂದಿನ ಕಾಲಕ್ಕೆ ಎಳೆದು ತರಬಲ್ಲದಾಯಿತು. ಮನರಂಜನೆಯ ಟಿಕೆಟಿಗೆ ಅಂಥ ಕಾನೂನಿಲ್ಲ, ಆದ್ದರಿಂದ ಅರ್ಜಿದಾರರು ಬರಿಗೈಯಲ್ಲಿ ಹಿಂದಿರುಗಿದರು.

ಕಾನೂನೇ ಇಲ್ಲ ಎಂದರೂ ಪೂರ್ಣ ಸರಿಯಾಗದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 112ನೇ ಕಲಮು ಕಿರು ಸಂಘಟಿತ ಅಪರಾಧಗಳನ್ನು ಹೆಸರಿಸುವಾಗ ಕಳವು, ಸರಗಳ್ಳತನ, ವಂಚನೆಗಳ ಜೊತೆಗೆ ಅನಧಿಕೃತ ಟಿಕೆಟ್ ಮಾರಾಟವನ್ನೂ ಸೇರಿಸಿದೆ. ಶಿಕ್ಷೆ ಒಂದು ವರ್ಷಕ್ಕೆ ಕಡಿಮೆಯಿಲ್ಲದಂತೆ ಏಳು ವರ್ಷದವರೆಗೆ. ಓದಲು ಬಹಳ ಕಠಿಣವಾಗಿಯೇ ಇದೆ. ಆದರೆ ಆರೋಪಿಯು ಗುಂಪು ಅಥವಾ ಗ್ಯಾಂಗಿನ ಸದಸ್ಯನಾಗಿರಬೇಕು ಎಂಬುದು ಅದರ ಮೊದಲ ಷರತ್ತು. ಅನಧಿಕೃತ ಎಂದರೆ ಯಾರ ಅನುಮತಿಯಿಲ್ಲದ್ದು, ಯಾವ ಬೆಲೆಯ ಮೇಲಿನದ್ದು ಎಂಬುದನ್ನು ಆ ಕಲಮು ಎಲ್ಲಿಯೂ ಬಿಡಿಸಿ ಹೇಳುವುದಿಲ್ಲ. ಜ್ವರ ಬಂದ ಕಾರಣಕ್ಕೆ ತನ್ನ ಒಂದು ಟಿಕೆಟನ್ನು ಸಹೋದ್ಯೋಗಿಗೆ ಕೊಟ್ಟ ಹುಡುಗಿಗೂ, ನೂರಾರು ಖಾತೆಗಳನ್ನು ತೆರೆದು ಸಾಫ್ಟ್‌ವೇರ್ ಮೂಲಕ ಟಿಕೆಟ್ ಬಾಚಿಕೊಂಡ ಜಾಲಕ್ಕೂ ನಡುವಿನ ಗೆರೆಯನ್ನು ಎಳೆಯಬೇಕಾದದ್ದು ಠಾಣೆಯ ಅಧಿಕಾರಿಯಲ್ಲ, ಶಾಸನ.

ಈ ಗೆರೆಯನ್ನು ಎಳೆಯಲು ಬೇಕಾದ ಒಂದು ಹಳೆಯ ಆಧಾರ ನಮ್ಮಲ್ಲಿ ಈಗಾಗಲೇ ಇದೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. 1882ರ ಭಾರತೀಯ ಅನುಭೋಗ ಹಕ್ಕುಗಳ ಕಾಯ್ದೆ, ಅಂದರೆ ಈಸ್‌ಮೆಂಟ್ಸ್ ಆ್ಯಕ್ಟ್, 1891ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ವಿಸ್ತರಿಸಿತು. ಹೊಲದ ದಾರಿ, ಗೋಡೆಯ ಕಿಟಕಿ, ಬಾವಿಯ ನೀರು ಇಂಥ ತಗಾದೆಗಳಿಗೆಂದು ಮಾಡಿದ ಆ ಕಾನೂನಿನ 56ನೇ ಕಲಮು, ಬೇರೆ ಉದ್ದೇಶ ವ್ಯಕ್ತವಾಗಿರದಿದ್ದಲ್ಲಿ ಸಾರ್ವಜನಿಕ ಮನರಂಜನೆಯ ಸ್ಥಳವನ್ನು ಪ್ರವೇಶಿಸುವ ಪರವಾನಗಿಯನ್ನು ಅದನ್ನು ಪಡೆದವನು ಇನ್ನೊಬ್ಬರಿಗೆ ವರ್ಗಾಯಿಸಬಹುದು ಎಂದು ಸ್ಪಷ್ಟವಾಗಿ ಹೇಳುತ್ತದೆ. ಅದೇ ಕಲಮಿನ ಪ್ರಕಾರ ಉಳಿದ ಬಗೆಯ ಪರವಾನಗಿಗಳನ್ನು ವರ್ಗಾಯಿಸುವಂತಿಲ್ಲ. ಮನರಂಜನೆಗೆ ಮಾತ್ರ ಬೇಕೆಂದೇ ವಿನಾಯಿತಿ ಕೊಡಲಾಗಿದೆ. ನಾಟಕಕ್ಕೆ ಹೊರಟವನಿಗೆ ಕೊನೆಯ ಗಳಿಗೆಯಲ್ಲಿ ಅಡಚಣೆ ಬರಬಹುದು ಎಂಬುದು ಆ ಕಾಲದ ಬ್ರಿಟಿಷ್ ಅಧಿಕಾರಿಗಳಿಗೂ ಹೊಳೆದಿತ್ತು ಎಂದಾಯಿತು. ಇಂದು ಟಿಕೆಟ್ ಮಾರುವ ಆ್ಯಪ್‌ಗಳು ಆ ಕಲಮಿನ ‘ಬೇರೆ ಉದ್ದೇಶ ವ್ಯಕ್ತವಾಗಿರದಿದ್ದಲ್ಲಿ’ ಎಂಬ ಆರಂಭದ ಪದಗಳನ್ನೇ ಹಿಡಿದುಕೊಂಡಿವೆ. ಹತ್ತಾರು ಪುಟಗಳ ಷರತ್ತುಗಳಲ್ಲಿ ಎಲ್ಲೋ ಒಂದೆಡೆ ವರ್ಗಾವಣೆಯಿಲ್ಲ, ಹಣ ವಾಪಸಿಲ್ಲ ಎಂದು ಬರೆದುಬಿಟ್ಟರೆ ಕಾನೂನು ಕೊಟ್ಟ ಸೌಲಭ್ಯ ಅಲ್ಲಿಗೆ ಮುಗಿಯಿತು.

ಡೊಂಬಿವಲಿಯಲ್ಲಿರುವ ನನ್ನ ಹತ್ತಿರದ ಬಂಧುಗಳ ಮನೆಯಲ್ಲಿ ನಡೆದದ್ದು ಇದಕ್ಕೆ ಒಂದು ಉದಾಹರಣೆ. ಮಕ್ಕಳ ಒತ್ತಾಯಕ್ಕೆ ಒಂದು ಕಾರ್ಯಕ್ರಮದ ಟಿಕೆಟ್‌ಗಳನ್ನು ತಿಂಗಳುಗಳ ಮುಂಚೆಯೇ ಕೊಂಡಿದ್ದರು. ಅಷ್ಟರಲ್ಲಿ ಊರಿನಲ್ಲಿ ಹಿರಿಯರೊಬ್ಬರು ತೀರಿಕೊಂಡ ಸುದ್ದಿ ಬಂದು ಎಲ್ಲರೂ ಕಾರ್ಕಳಕ್ಕೆ ಹೊರಡಬೇಕಾಯಿತು. ಹಣ ವಾಪಸ್ ಕೇಳಿದರೆ ಷರತ್ತಿನಲ್ಲಿ ಇಲ್ಲ ಎಂಬ ಉತ್ತರ. ಹೆಸರು ಬದಲಾಯಿಸಿ ನೆರೆಯವರ ಮಕ್ಕಳಿಗಾದರೂ ಕೊಡೋಣವೆಂದರೆ ಅದಕ್ಕೂ ಇಲ್ಲ. ವಿಶೇಷವೆಂದರೆ ಆ ಕಾರ್ಯಕ್ರಮ ಪೂರ್ತಿ ಸೋಲ್ಡ್ ಔಟ್ ಆಗಿತ್ತು, ಅಂದರೆ ಆ ಆಸನಗಳನ್ನು ಅದೇ ಬೆಲೆಗೆ ಕೊಳ್ಳಲು ಸಾವಿರ ಜನ ಸಿದ್ಧರಿದ್ದರು. ಆ ಸಂಸ್ಥೆಗೆ ಒಂದು ಪೈಸೆಯ ನಷ್ಟವೂ ಆಗುತ್ತಿರಲಿಲ್ಲ. ಇಂಥ ಸಂದರ್ಭದಲ್ಲಿ ಯಾರಾದರೂ ಗೇಟಿನ ಬಳಿ ನಿಂತವನಿಗೆ ಟಿಕೆಟ್ ಮಾರಿದರೆ ಅವರನ್ನು ಕಾಳಸಂತೆಕೋರರ ಸಾಲಿಗೆ ಸೇರಿಸುವುದು ನ್ಯಾಯವೇ? ಗೇಟಿನ ಬಳಿ ನಿಂತವನ ಹತ್ತಿರ ಸರಕು ಸೇರುವುದರಲ್ಲಿ ಒಂದು ಪಾಲು ಇಂಥ ದಾರಿಗಾಣದ ಪ್ರಾಮಾಣಿಕರದ್ದೂ ಇರುತ್ತದೆ ಎಂಬುದನ್ನು ಮರೆಯಬಾರದು.

ನಾವು ಕುರ್ಲಾ ಟರ್ಮಿನಸ್ಸಿನಿಂದ ಊರಿಗೆ ಹೋಗುವ ಮತ್ಸ್ಯಗಂಧ ಎಕ್ಸ್‌ಪ್ರೆಸ್ಸಿನ ಟಿಕೆಟನ್ನೇ ನೋಡಿ. ಹೋಗಲಾಗದಿದ್ದರೆ ನಿಗದಿತ ಶುಲ್ಕ ಮುರಿದುಕೊಂಡು ರೈಲ್ವೆಯವರು ಹಣ ಹಿಂದಿರುಗಿಸುತ್ತಾರೆ, ಆ ಬರ್ತು ವೇಟಿಂಗ್ ಲಿಸ್ಟಿನಲ್ಲಿರುವವರಿಗೆ ಅದೇ ದರಕ್ಕೆ ತಾನಾಗಿಯೇ ಸಿಗುತ್ತದೆ. 24 ಗಂಟೆ ಮುಂಚೆ ಅರ್ಜಿ ಕೊಟ್ಟರೆ ಖಚಿತ ಟಿಕೆಟನ್ನು ಕುಟುಂಬದ ಹತ್ತಿರದವರ ಹೆಸರಿಗೆ ಬದಲಿಸಿಯೂ ಕೊಡುತ್ತಾರೆ. ಗಣೇಶ ಚತುರ್ಥಿ, ದೀಪಾವಳಿಗಳ ಸಮಯದಲ್ಲಿ ದಲ್ಲಾಳಿಗಳ ಕಾಟ ಅಲ್ಲಿಯೂ ಇಲ್ಲವೆಂದಲ್ಲ. 2025ರ ಜುಲೈಯಿಂದ ತತ್ಕಾಲ್ ಬುಕಿಂಗಿಗೆ ಆಧಾರ್ ದೃಢೀಕರಣವನ್ನು ಕಡ್ಡಾಯ ಮಾಡಿದ್ದೂ ಅದಕ್ಕಾಗಿಯೇ. ಆದರೂ ಅಲ್ಲಿ ಅಪರಾಧ ಯಾವುದು, ಸಹಜ ರದ್ದತಿ ಯಾವುದು ಎಂಬ ಗೊಂದಲವಿಲ್ಲ. ಕೋಟ್ಯಂತರ ಪ್ರಯಾಣಿಕರಿಗೆ ಸರ್ಕಾರಿ ಇಲಾಖೆಯೊಂದು ಮಾಡಬಲ್ಲದ್ದನ್ನು ಒಂದು ಸಂಜೆಯ ಕಾರ್ಯಕ್ರಮಕ್ಕೆ ಖಾಸಗಿ ಆ್ಯಪ್ ಮಾಡಲಾಗದು ಎಂಬ ವಾದವನ್ನು ನಾನು ಒಪ್ಪಲಾರೆ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆಯಲ್ಲ ಎಂದು ಕೆಲವರು ಕೇಳಬಹುದು. ಇದೆ, ಮತ್ತು ಅದರಲ್ಲಿ ಒಳ್ಳೆಯ ಅಂಶಗಳೂ ಇವೆ. ಗ್ರಾಹಕನಿಗೆ ಅನನುಕೂಲವಾಗುವಂತೆ ಅಸಮಂಜಸ ಶುಲ್ಕ ಅಥವಾ ಷರತ್ತನ್ನು ಹೇರುವ ಒಪ್ಪಂದವನ್ನು ಅದು ಅನ್ಯಾಯದ ಒಪ್ಪಂದ ಎಂದು ಗುರುತಿಸುತ್ತದೆ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಆನ್‌ಲೈನ್ ಸಂಸ್ಥೆಯು ದೂರನ್ನು 48 ಗಂಟೆಯೊಳಗೆ ಸ್ವೀಕರಿಸಿದ್ದಾಗಿ ತಿಳಿಸಿ ಒಂದು ತಿಂಗಳೊಳಗೆ ಇತ್ಯರ್ಥ ಮಾಡಬೇಕು. ಮೊದಲೇ ಟಿಕ್ ಹಾಕಿಟ್ಟ ಚೌಕಗಳಿಂದ ಒಪ್ಪಿಗೆ ಪಡೆದಂತೆ ತೋರಿಸಬಾರದು. ಭಾರತದ ಗ್ರಾಹಕರಿಗೆ ವ್ಯವಸ್ಥಿತವಾಗಿ ಮಾರುವ ವಿದೇಶಿ ತಾಣಗಳೂ ಈ ನಿಯಮಗಳಿಗೆ ಒಳಪಟ್ಟಿವೆ. 2023ರ ನವೆಂಬರ್ 30ರಂದು ಹೊರಡಿಸಿದ ಡಾರ್ಕ್ ಪ್ಯಾಟರ್ನ್, ಅಂದರೆ ಗ್ರಾಹಕನ ದಾರಿ ತಪ್ಪಿಸುವ ಆನ್‌ಲೈನ್ ವಿನ್ಯಾಸಗಳ, ಮಾರ್ಗಸೂಚಿಗಳು ಸುಳ್ಳು ಅವಸರ ಹುಟ್ಟಿಸುವುದು, ಕೇಳದ ವಸ್ತುವನ್ನು ಬುಟ್ಟಿಗೆ ಸೇರಿಸುವುದು, ಕೊನೆಯ ಪುಟದಲ್ಲಿ ಬೆಲೆ ಏರಿಸುವುದು ಸೇರಿದಂತೆ 13 ಬಗೆಯ ಮೋಸಗಳನ್ನು ಹೆಸರಿಸಿ ನಿಷೇಧಿಸಿವೆ. ಟಿಕೆಟ್ ಕೊಂಡವರಿಗೆ ಇವೆಲ್ಲ ಚಿರಪರಿಚಿತವಾಗಿರಬೇಕು.

ತೊಡಕಿರುವುದು ಜಾರಿಯಲ್ಲಿ. ಸಾಮಾನ್ಯ ಸೇವಾಲೋಪದ ದೂರನ್ನು ನಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದಾಖಲಿಸಬಹುದು. ಆದರೆ ಷರತ್ತೇ ಅನ್ಯಾಯದ್ದು ಎಂದು ವಾದಿಸಬೇಕಾದರೆ ಕಾಯ್ದೆಯ 47ನೇ ಕಲಮಿನ ಪ್ರಕಾರ ರಾಜ್ಯ ಆಯೋಗಕ್ಕೇ ಹೋಗಬೇಕು. 2,500 ರೂಪಾಯಿಯ ಟಿಕೆಟಿಗಾಗಿ ರಾಜ್ಯ ಆಯೋಗದ ಮೆಟ್ಟಿಲು ಹತ್ತುವವರು ಯಾರು? ಮರುಮಾರಾಟದ ವಿಷಯದಲ್ಲಂತೂ ಕಾನೂನು ಇನ್ನೂ ಮಸುಕಾಗಿದೆ. ವೈಯಕ್ತಿಕವಾಗಿ, ನಿಯಮಿತ ವ್ಯಾಪಾರವಾಗಿಯಲ್ಲದೆ ಮಾರುವ ವ್ಯಕ್ತಿ ಇ-ಕಾಮರ್ಸ್ ನಿಯಮಗಳಿಂದ ಹೊರಗಿದ್ದಾನೆ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ನಕಲಿ ಕ್ಯೂಆರ್ ಕೋಡ್ ಕೊಂಡು ಗೇಟಿನಲ್ಲಿ ತಡೆಯಲ್ಪಟ್ಟವನಿಗೆ ವಂಚನೆಯ ದೂರೊಂದೇ ಗತಿ, ಆ ದೂರಿನಿಂದ ಹಣ ಬಂದದ್ದನ್ನು ನಾನಂತೂ ಕೇಳಿಲ್ಲ.

ಬೇರೆ ದೇಶಗಳು ಏನು ಮಾಡಿವೆ ಎಂಬುದನ್ನು ಚುಟುಕಾಗಿ ಹೇಳುತ್ತೇನೆ. ಜಪಾನ್ 2019ರಲ್ಲಿ, ಟೋಕಿಯೊ ಒಲಿಂಪಿಕ್ಸಿಗೆ ಮುಂಚೆ, ವ್ಯಾಪಾರಕ್ಕಾಗಿ ಮುಖಬೆಲೆಗಿಂತ ಹೆಚ್ಚಿಗೆ ಟಿಕೆಟ್ ಮಾರುವುದನ್ನು ಶಿಕ್ಷಾರ್ಹಗೊಳಿಸಿತು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಮೂಲ ಬೆಲೆಯ ಶೇ 110ಕ್ಕಿಂತ ಹೆಚ್ಚಿಗೆ ಮರುಮಾರಾಟ ಮಾಡುವಂತಿಲ್ಲ. ಅಮೆರಿಕವು ಟಿಕೆಟ್ ಬಾಚುವ ಸಾಫ್ಟ್‌ವೇರ್‌ಗಳ ವಿರುದ್ಧ 2016ರಲ್ಲೇ ಕಾಯ್ದೆ ಮಾಡಿತು. 2025ರ ಮೇಯಿಂದ ಎಲ್ಲ ಕಡ್ಡಾಯ ಶುಲ್ಕಗಳನ್ನೂ ಸೇರಿಸಿದ ಬೆಲೆಯನ್ನೇ ಮೊದಲು ತೋರಿಸಬೇಕೆಂಬ ನಿಯಮವೂ ಅಲ್ಲಿ ಬಂದಿದೆ. ಮುಖಬೆಲೆ ಮೀರಿದ ಮರುಮಾರಾಟವನ್ನು ನಿಷೇಧಿಸುವುದಾಗಿ ಬ್ರಿಟನ್ ಸರ್ಕಾರ 2025ರ ನವೆಂಬರ್‌ನಲ್ಲಿ ಘೋಷಿಸಿತು. ನಮಗೆ ಹೆಚ್ಚು ಹೊಂದುವುದು ಐರ್ಲೆಂಡಿನ 2021ರ ಕಾಯ್ದೆ ಎಂದು ನನ್ನ ಅಭಿಪ್ರಾಯ. ಸಾವಿರ ಅಥವಾ ಅದಕ್ಕಿಂತ ಹೆಚ್ಚು ಜನ ಸೇರುವ, ಗೊತ್ತುಪಡಿಸಿದ ಸ್ಥಳಗಳಿಗೆ ಮತ್ತು ಕಾರ್ಯಕ್ರಮಗಳಿಗೆ ಮಾತ್ರ ಅದು ಅನ್ವಯಿಸುತ್ತದೆ. ಧರ್ಮಾರ್ಥ ಸಂಸ್ಥೆಗಳಿಗೆ, ಹವ್ಯಾಸಿ ಕ್ರೀಡಾ ಸಂಘಗಳಿಗೆ ನಿಧಿ ಸಂಗ್ರಹಕ್ಕಾಗಿ ವಿನಾಯಿತಿಯ ಅವಕಾಶವೂ ಇದೆ.

ಸಾವಿರದ ಈ ಮಿತಿ ಮುಂಬಯಿ ಕನ್ನಡಿಗರಿಗೆ ಮುಖ್ಯ. ಮಾಟುಂಗಾದ ಮೈಸೂರು ಅಸೋಸಿಯೇಶನ್ನಿನಲ್ಲೋ ಮಾಹಿಮಿನ ಕರ್ನಾಟಕ ಸಂಘದಲ್ಲೋ ನಾಟಕ, ತಾಳಮದ್ದಳೆ ಏರ್ಪಡಿಸುವ ನಮ್ಮ ಸಂಘಗಳ ಕಾರ್ಯಕರ್ತರು ಮನೆಮನೆಗೆ ಹೋಗಿ ಟಿಕೆಟ್ ಪುಸ್ತಕ ಹಿಡಿದು ನಿಲ್ಲುವವರು. ಅವರ ಮೇಲೆ ಆನ್‌ಲೈನ್ ಮರುಮಾರಾಟದ ನಿಯಮಗಳ ಭಾರ ಹೊರಿಸುವುದು ಯಾರಿಗೂ ಬೇಡ. ಅದೇ 2,763 ಆಸನಗಳ ಷಣ್ಮುಖಾನಂದ ಸಭಾಗೃಹ, ವಾಂಖೆಡೆ, ಡಿ.ವೈ. ಪಾಟೀಲ ಕ್ರೀಡಾಂಗಣಗಳು ಇಂಥ ಕಾನೂನಿನೊಳಗೆ ಬರುತ್ತವೆ, ಬರಬೇಕು ಕೂಡ.

ಮಹಾರಾಷ್ಟ್ರ ಸರ್ಕಾರಕ್ಕೆ ಈ ಅಧಿಕಾರವಿದೆಯೇ ಎಂಬ ಸಂಶಯಕ್ಕೆ ಎಡೆಯಿಲ್ಲ. ಸಂವಿಧಾನದ ಏಳನೇ ಅನುಸೂಚಿಯ ರಾಜ್ಯ ಪಟ್ಟಿಯಲ್ಲಿ 33ನೇ ನಮೂದು ರಂಗಮಂದಿರ, ಕ್ರೀಡೆ, ಮನರಂಜನೆಗಳನ್ನು ರಾಜ್ಯಗಳಿಗೇ ಒಪ್ಪಿಸಿದೆ. ಕೇಂದ್ರದ ಕಾನೂನುಗಳಿಗೆ ತಾಗುವ ಭಾಗಕ್ಕೆ ರಾಷ್ಟ್ರಪತಿಗಳ ಅಂಗೀಕಾರ ಬೇಕಾದೀತು, ಅದು ಹೊಸ ದಾರಿಯೇನಲ್ಲ. ಆದರೆ ಸರ್ಕಾರಿ ಆದೇಶವೊಂದನ್ನು ಹೊರಡಿಸಿ ಕೈತೊಳೆದುಕೊಂಡರೆ ಸಾಲದು ಎಂಬ ಪಾಠ ಈಗಾಗಲೇ ಸಿಕ್ಕಿದೆ. ಆನ್‌ಲೈನ್ ಸಿನಿಮಾ ಟಿಕೆಟ್‌ಗಳ ಮೇಲೆ ಕನ್ವೀನಿಯೆನ್ಸ್ ಫೀ, ಅಂದರೆ ಬುಕಿಂಗಿನ ಅನುಕೂಲಕ್ಕೆಂದು ಹಾಕುವ ಹೆಚ್ಚುವರಿ ಶುಲ್ಕ, ವಸೂಲಿ ಮಾಡುವುದನ್ನು ತಡೆದು 2013 ಮತ್ತು 2014ರಲ್ಲಿ ರಾಜ್ಯ ಹೊರಡಿಸಿದ್ದ ಆದೇಶಗಳನ್ನು ಬಾಂಬೆ ಹೈಕೋರ್ಟ್ 2025ರ ಜುಲೈ 10ರಂದು ರದ್ದುಪಡಿಸಿತು. ಶಾಸನದ ಆಧಾರವಿಲ್ಲದೆ ವ್ಯಾಪಾರದ ಹಕ್ಕನ್ನು ಹೀಗೆ ಮೊಟಕುಗೊಳಿಸುವಂತಿಲ್ಲ ಎಂಬುದು ಅದರ ನಿಲುವು. ಕರ್ನಾಟಕದಲ್ಲಿಯೂ ಸಿನಿಮಾ ಟಿಕೆಟಿಗೆ 200 ರೂಪಾಯಿಯ ಮಿತಿ ಹಾಕಿದ 2025ರ ಸೆಪ್ಟೆಂಬರ್ ತಿಂಗಳ ನಿಯಮಕ್ಕೆ ಅದೇ ತಿಂಗಳಲ್ಲಿ ಹೈಕೋರ್ಟ್ ತಡೆ ಕೊಟ್ಟಿತು. ಆದ್ದರಿಂದ ವಿಧಾನಮಂಡಲದಲ್ಲಿ ಚರ್ಚಿಸಿ ಅಂಗೀಕರಿಸಿದ ಕಾಯ್ದೆಯೇ ಬೇಕು. ಅದು ಮೊದಲ ಮಾರಾಟದ ಬೆಲೆಯನ್ನು ಮುಟ್ಟುವ ಅಗತ್ಯವೂ ಇಲ್ಲ. ಕಲಾವಿದರು ಎಷ್ಟು ಕೇಳಬೇಕು, ಆಯೋಜಕರು ಎಷ್ಟಕ್ಕೆ ಮಾರಬೇಕು ಎಂಬುದು ಅವರಿಗೇ ಇರಲಿ. 35,000 ಕೊಟ್ಟು ನೋಡುವವರು ನೋಡಲಿ.

ನಾನು ಕೇಳುವುದು ಒಮ್ಮೆ ಮಾರಿದ ಟಿಕೆಟಿನ ಮುಂದಿನ ಪಯಣದ ಬಗ್ಗೆ. ಮಾರಾಟ ಮಾಡಿದ ಸಂಸ್ಥೆಯೇ ಕಾರ್ಯಕ್ರಮದ ಹಿಂದಿನ ದಿನದವರೆಗಾದರೂ ತನ್ನ ತಾಣದಲ್ಲಿ ಮರುಮಾರಾಟದ ಕಿಟಕಿಯೊಂದನ್ನು ತೆರೆದಿಡಬೇಕು. ಬೇಡವಾದವರು ಟಿಕೆಟನ್ನು ಅಲ್ಲಿ ಒಪ್ಪಿಸಿದರೆ, ಅದು ಸರದಿಯಲ್ಲಿರುವವರಿಗೆ ಮುಖಬೆಲೆಗೆ ಹೋಗಿ, ಸಣ್ಣ ನಿಗದಿತ ಶುಲ್ಕ ಕಳೆದು ಮೊದಲಿನವರಿಗೆ ಹಣ ಬರಬೇಕು. ಹಳೆಯ ಕ್ಯೂಆರ್ ಕೋಡ್ ರದ್ದಾಗಿ ಹೊಸದು ಹುಟ್ಟುವುದರಿಂದ ನಕಲಿಯ ಕಾಟವೂ ಇರುವುದಿಲ್ಲ. 1882ರ ಕಾಯ್ದೆ ಕೊಟ್ಟ ವರ್ಗಾವಣೆಯ ಹಕ್ಕನ್ನು ಸಣ್ಣ ಅಕ್ಷರದ ಷರತ್ತುಗಳು ಕಿತ್ತುಕೊಳ್ಳದಂತೆ ಹೊಸ ಕಾನೂನು ಹೇಳಬೇಕು. ಕಾರ್ಯಕ್ರಮವೇ ರದ್ದಾದರೆ ಕನ್ವೀನಿಯೆನ್ಸ್ ಫೀ ಸಹಿತ ಪೂರ್ಣ ಹಣ ವಾಪಸಾಗಬೇಕು. ನಡೆಯದ ಕಾರ್ಯಕ್ರಮದಲ್ಲಿ ನಮಗಾದ ಅನುಕೂಲ ಯಾವುದು ಎಂದು ಆ ಶುಲ್ಕವನ್ನು ಉಳಿಸಿಕೊಳ್ಳುವವರೇ ಹೇಳಬೇಕು. ಇಷ್ಟೆಲ್ಲ ವ್ಯವಸ್ಥೆ ಇದ್ದ ಮೇಲೂ ಹೊರಗೆ ಹೆಚ್ಚಿನ ಬೆಲೆಗೆ ಮಾರಿದರೆ ಅದು ಅನಧಿಕೃತ ಎಂದು ಯಾವ ಅನುಮಾನವೂ ಇಲ್ಲದೆ ಹೇಳಬಹುದು, ಆಗ 112ನೇ ಕಲಮಿಗೂ ಹಿಡಿತ ಸಿಗುತ್ತದೆ.

ಇದಕ್ಕಿಂತಲೂ ಆಯೋಜಕರು ಹೆಚ್ಚು ವಿರೋಧಿಸಬಹುದಾದ ಬೇಡಿಕೆ ಇನ್ನೊಂದಿದೆ. ಒಟ್ಟು ಆಸನಗಳೆಷ್ಟು, ಅವುಗಳಲ್ಲಿ ಪ್ರಾಯೋಜಕರಿಗೆ, ಬ್ಯಾಂಕ್ ಕಾರ್ಡುದಾರರಿಗೆ, ಕ್ಲಬ್ ಸದಸ್ಯರಿಗೆ, ಅಧಿಕಾರಿಗಳ ಪಾಸುಗಳಿಗೆ ಹೋದದ್ದೆಷ್ಟು, ಸಾರ್ವಜನಿಕರಿಗೆ ನಿಜವಾಗಿ ಮಾರಾಟಕ್ಕಿಟ್ಟದ್ದೆಷ್ಟು ಎಂಬುದನ್ನು ಮಾರಾಟ ಆರಂಭಿಸುವ ಮುಂಚೆ ಪ್ರಕಟಿಸಬೇಕು. ನಮ್ಮ ಸಂಘಗಳ ಕಾರ್ಯಕ್ರಮಗಳಲ್ಲೂ ಮುಂದಿನ ಮೂರು ಸಾಲು ಗಣ್ಯರಿಗೆಂದು ಬಿಳಿ ಬಟ್ಟೆ ಹೊದ್ದು ಕೂತಿರುತ್ತದೆ, ಆ ಗಣ್ಯರಲ್ಲಿ ಅರ್ಧ ಜನ ಬರುವುದೂ ಇಲ್ಲ. ಆದರೆ ಅಲ್ಲಿ ಕನಿಷ್ಠ ಆ ಬಟ್ಟೆ ಎಲ್ಲರ ಕಣ್ಣಿಗೂ ಕಾಣುತ್ತದೆ. ಆನ್‌ಲೈನ್ ನಕ್ಷೆಯಲ್ಲಿ ಬೂದುಬಣ್ಣಕ್ಕೆ ತಿರುಗಿದ ಆಸನ ಮಾರಾಟವಾದದ್ದೋ ಎತ್ತಿಟ್ಟದ್ದೋ ತಿಳಿಯುವ ಬಗೆಯಿಲ್ಲ. ಐಪಿಎಲ್ ಟಿಕೆಟಿನ ಮೇಲೆ 2025ರ ಸೆಪ್ಟೆಂಬರ್ 22ರಿಂದ ಶೇ 40ರಷ್ಟು ಜಿಎಸ್‌ಟಿ ವಸೂಲಿ ಮಾಡುವ ವ್ಯವಸ್ಥೆಗೆ, ಆ ಟಿಕೆಟ್‌ಗಳ ಲೆಕ್ಕವನ್ನು ತೆರಿಗೆ ತೆತ್ತವನ ಮುಂದಿಡಬೇಕು ಎಂದು ಕೇಳುವುದು ದುಬಾರಿಯಾಗಲಾರದು.

ಬೆಲೆಗೆ ಮಿತಿ ಹಾಕಿದರೆ ವ್ಯವಹಾರ ಇನ್ನಷ್ಟು ಮರೆಗೆ ಸರಿಯುತ್ತದೆ ಎಂಬ ಆಕ್ಷೇಪದಲ್ಲಿ ಸತ್ಯಾಂಶವಿದೆ ಎಂದು ಒಪ್ಪುತ್ತೇನೆ. ಲಕ್ಷ ಕೊಡಲು ಸಿದ್ಧನಿರುವವನಿಗೆ ಕೊಡುವವನು ಎಲ್ಲಿಯಾದರೂ ಸಿಗುತ್ತಾನೆ. ಆದರೆ ಬೇಡವಾದ ಟಿಕೆಟ್‌ಗಳೆಲ್ಲ ಅಧಿಕೃತ ಕಿಟಕಿಗೆ ಬರತೊಡಗಿದರೆ ದಲ್ಲಾಳಿಯ ಕೈಗೆ ಸಿಗುವ ಸರಕು ಕಡಿಮೆಯಾಗುತ್ತದೆ, ಸೋಲ್ಡ್ ಔಟ್ ಆದ ಮೇಲೂ ಕಾಯುವವರಿಗೆ ಒಂದು ಭರವಸೆ ಇರುತ್ತದೆ.

1975ರಿಂದ ಕೆಲಸ ಮಾಡುತ್ತಿರುವ ಮುಂಬಯಿ ಗ್ರಾಹಕ ಪಂಚಾಯತ್‌ನಂಥ ಸಂಸ್ಥೆಗಳು ಈ ಕಾಯ್ದೆಯ ಕರಡನ್ನು ರಾಜ್ಯ ಸರ್ಕಾರದ ಮುಂದಿಡಲು ಮುಂದಾಗಬೇಕೆಂದೂ, ನಗರದ ಕನ್ನಡ ಸಂಘಗಳು ಅದಕ್ಕೆ ದನಿಗೂಡಿಸಬೇಕೆಂದೂ ನಿಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ. ಅಲ್ಲಿಯವರೆಗೆ ಟಿಕೆಟ್ ಕೊಳ್ಳುವ ಓದುಗರು ಹಣ ಪಾವತಿಸುವ ಮುನ್ನ ಷರತ್ತುಗಳ ಪುಟದ ಮತ್ತು ಅಂತಿಮ ಬೆಲೆಯ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಬೇಕು. ಅನ್ಯಾಯವಾದರೆ ಮೊದಲು ಆ ಸಂಸ್ಥೆಯ ಕುಂದುಕೊರತೆ ಅಧಿಕಾರಿಗೆ ಲಿಖಿತ ದೂರು, ನಂತರ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915, ಅದರಿಂದಲೂ ಆಗದಿದ್ದರೆ ಇ-ಜಾಗೃತಿ ಪೋರ್ಟಲ್ ಮೂಲಕ ಜಿಲ್ಲಾ ಆಯೋಗ. ಐದು ಲಕ್ಷ ರೂಪಾಯಿವರೆಗಿನ ದೂರಿಗೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಘಟನೆ ನಡೆದ ಎರಡು ವರ್ಷಗಳ ಒಳಗೆ ದೂರು ದಾಖಲಾಗಿರಬೇಕು.

ಇಂತು ತಮ್ಮ ವಿಶ್ವಾಸಿ,
ಓರ್ವ ಓದುಗ
ಮಾಟುಂಗಾ, ಮುಂಬಯಿ